ಒಟ್ಟು ಮಳೆ ಮತ್ತು ಹದವಾದ ಮಳೆ: ಭಾರತದ ಮುಂಗಾರಿನ ಲೆಕ್ಕ

ಭಾರತದಲ್ಲಿ ವರ್ಷದ ಮಳೆಯ ಸುಮಾರು ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿಯೇ ಸುರಿಯುವುದರಿಂದ, ಮಳೆಯ ಲೆಕ್ಕ ಇಡುವ ಪರಿಪಾಠ ಈ ನೆಲದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದಲ್ಲಿ ಮಳೆ ಅಳೆಯುವ ಪಾತ್ರೆಯೊಂದನ್ನು ಇರಿಸಬೇಕೆಂದು ವಿಧಿಸುತ್ತದೆ. ಕರ್ನಾಟಕದ ರೈತರು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಎಣಿಸಿ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂಬ ಕ್ರಮದಲ್ಲಿ ಬಿತ್ತನೆಯ ಹೊತ್ತನ್ನು ಗೊತ್ತುಮಾಡಿಕೊಂಡರು. ಈ ಎಣಿಕೆಯಲ್ಲಿ ಮುಖ್ಯವಾಗಿದ್ದುದು ಋತುವಿನ ಒಟ್ಟು ಮಳೆಯಲ್ಲ, ಮಳೆ ಹದವರಿತು ಬಂದಿತೇ ಎಂಬುದು.

ಆಧುನಿಕ ವಿಜ್ಞಾನ ಬೇರೊಂದು ದಾರಿಯಿಂದ ಮುಂಗಾರಿನ ಬಳಿಗೆ ಬಂದಿತು. ಬೇಸಗೆಯಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಕಡಲ ಗಾಳಿ ನೆಲದ ಕಡೆಗೆ ಬೀಸುತ್ತದೆಂಬ ವಿವರಣೆಯನ್ನು ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿ 1686ರಲ್ಲಿ ಮುಂದಿಟ್ಟನು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದ ಮರುವರ್ಷವೇ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿದ್ದರಿಂದ, ಮಳೆ ಕೈಕೊಡುವುದನ್ನು ಮೊದಲೇ ಅರಿಯುವುದು ಸರ್ಕಾರಕ್ಕೆ ತುರ್ತಿನ ಕೆಲಸವಾಯಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧವಿದೆಯೆಂದು ಗುರುತಿಸಿದನು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುಭಾರ ಒಂದೆಡೆ ಏರಿದಾಗ ಇನ್ನೊಂದೆಡೆ ಇಳಿಯುವ ಏರುಪೇರನ್ನು ಕಂಡುಕೊಂಡು ಅದನ್ನು ದಕ್ಷಿಣ ಆಂದೋಲನವೆಂದು ಕರೆದನು. ಪೆಸಿಫಿಕ್ ಸಾಗರದ ನೀರು ಅತಿಯಾಗಿ ಕಾಯುವ ಎಲ್ ನಿನೋ ಈ ಆಂದೋಲನದೊಂದಿಗೆ ಹೆಣೆದುಕೊಂಡಿದೆಯೆಂಬುದು ಮುಂದೆ ತಿಳಿದುಬಂದಿತು.

ಈ ಶೋಧಗಳೆಲ್ಲವೂ ಋತುವಿನ ಒಟ್ಟು ಮಳೆ ಎಷ್ಟೆಂಬ ಪ್ರಶ್ನೆಗೆ ಉತ್ತರ ಹುಡುಕಿದವು. ಇಂದಿಗೂ ದೇಶದ ಮುಂಗಾರನ್ನು ದೀರ್ಘಾವಧಿ ಸರಾಸರಿಗೆ, ಅಂದರೆ 1971ರಿಂದ 2020ರವರೆಗಿನ ಮಳೆಯಿಂದ ಲೆಕ್ಕಹಾಕಿದ ಸುಮಾರು 87 ಸೆಂಟಿಮೀಟರಿಗೆ ಹೋಲಿಸಿ, ಶೇಕಡಾ 96ರಿಂದ 104ರೊಳಗಿದ್ದರೆ ಸಾಮಾನ್ಯವೆಂದು ಘೋಷಿಸಲಾಗುತ್ತದೆ. ಹವಾಮಾನ ಬದಲಾವಣೆ ಮರೆಯಾಗಿ ಉಳಿಯುವುದು ಈ ಸರಾಸರಿಯ ಒಳಗೆಯೇ.

ಹವಾಮಾನ ವಿಜ್ಞಾನಿ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, 1951ರಿಂದ 2000ದವರೆಗೆ ಮಧ್ಯಭಾರತದಲ್ಲಿ ಅತಿ ಜೋರು ಮಳೆಯ ಪ್ರಸಂಗಗಳು ಹೆಚ್ಚಿ ಸಾಧಾರಣ ಮಳೆಯ ಪ್ರಸಂಗಗಳು ಕಡಿಮೆಯಾದುದನ್ನೂ, ಒಂದು ಇನ್ನೊಂದನ್ನು ಸರಿದೂಗಿಸಿದ್ದರಿಂದ ಸರಾಸರಿ ಹೆಚ್ಚು ಕದಲದೆ ಉಳಿದುದನ್ನೂ ತೋರಿಸಿತು. ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ, 1951ರಿಂದ 2015ರ ನಡುವೆ ಇಡೀ ದೇಶದ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ತಗ್ಗಿದ್ದು, ಗಂಗಾ ಬಯಲು ಮತ್ತು ಪಶ್ಚಿಮಘಟ್ಟಗಳಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ. ಮಧ್ಯಭಾರತದಲ್ಲಿ ಮಾತ್ರ ದಿನಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆಯ ಪ್ರಸಂಗಗಳು ಸುಮಾರು ಶೇಕಡಾ 75ರಷ್ಟು ಏರಿವೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುವುದರಿಂದ ಸುರಿದಾಗ ಧಾರಾಕಾರವಾಗಿ ಸುರಿಯುತ್ತದೆ. ಹೊಗೆ ಮತ್ತು ಧೂಳಿನ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು ನೆಲ ಕಾಯುವುದನ್ನು ಕುಗ್ಗಿಸಿ, ಅದೇ ವೇಳೆ ಹಿಂದೂ ಮಹಾಸಾಗರವೂ ಬಿಸಿಯೇರಿದ್ದರಿಂದ, ಹ್ಯಾಲಿ ಗುರುತಿಸಿದ್ದ ನೆಲ ಮತ್ತು ಕಡಲಿನ ಕಾವಿನ ಅಂತರವೇ ಕುಗ್ಗಿ ಮುಂಗಾರಿನ ಗಾಳಿ ದುರ್ಬಲವಾಗುತ್ತದೆ.

ಒಂದೊಂದು ವರ್ಷದ ಏರುಪೇರಿಗೆ ಹವಾಮಾನ ಬದಲಾವಣೆಯೊಂದೇ ಕಾರಣವಲ್ಲವಾದರೂ, ಒಟ್ಟು ಲೆಕ್ಕ ಏನನ್ನು ಮುಚ್ಚಿಡುತ್ತದೆಂಬುದಕ್ಕೆ ಇತ್ತೀಚಿನ ಎರಡು ವರ್ಷಗಳು ಸಾಕು. 2018ರಲ್ಲಿ ದೇಶದ ಮುಂಗಾರು ಸರಾಸರಿಯ ಶೇಕಡಾ 91ಕ್ಕೆ ನಿಂತಿತ್ತು. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಕೇರಳ ನೆರೆಯಲ್ಲಿ ಮುಳುಗಿತು, ಕೊಡಗಿನ ಗುಡ್ಡಗಳು ಕುಸಿದವು. ಎಲ್ ನಿನೋ ವರ್ಷವಾಗಿದ್ದ 2023ರ ಮುಂಗಾರು ಶೇಕಡಾ 94ರಷ್ಟಿತ್ತಾದರೂ, ಅದರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು, ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಹವಾಮಾನ ಇಲಾಖೆ 2020ರಲ್ಲಿ ಮುಂಗಾರಿನ ದಿನಾಂಕಗಳನ್ನು ಪರಿಷ್ಕರಿಸಿ, ವಾಯವ್ಯ ಭಾರತದಿಂದ ಅದು ಹಿಂದೆ ಸರಿಯತೊಡಗುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಮುಂದೂಡಿತು. ಕೆರೆಯ ಕೋಡಿ, ನಗರದ ಚರಂಡಿ, ಜಲಾಶಯದ ನೀರು ಬಿಡುವ ವೇಳಾಪಟ್ಟಿ, ಬೆಳೆವಿಮೆಯ ನಿಯಮಗಳು ಹಳೆಯ ಮಳೆಯ ಅಂದಾಜಿನ ಮೇಲೆಯೇ ರೂಪುಗೊಂಡಿರುವುದರಿಂದ, ಅವೆಲ್ಲಕ್ಕೂ ಇಂಥದೇ ಪರಿಷ್ಕರಣೆ ಅಗತ್ಯವಾಗಿದೆ. ಆ ಕೆಲಸಕ್ಕೆ ಬೇಕಾಗಿರುವುದು ನಾಲ್ಕು ತಿಂಗಳ ಮೊತ್ತಕ್ಕಿಂತ ಹೆಚ್ಚಾಗಿ, ಬಿತ್ತಿದ ಮೇಲೆ ಎಷ್ಟು ದಿನ ಮಳೆ ಬಿಡುವು ಕೊಟ್ಟಿತು, ಒಂದೇ ದಿನದಲ್ಲಿ ಎಷ್ಟು ಸುರಿಯಿತು ಎಂಬ, ರೈತನು ಮೊದಲಿನಿಂದಲೂ ಇಟ್ಟುಕೊಂಡು ಬಂದಿರುವ ಬಗೆಯ ಲೆಕ್ಕ.