ಯಾರು ಬರೆದದ್ದು ಎಂದು ಮೊದಲು ಕೇಳಿ
(ಹನುಮಂತನಗರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಧಾರಾವಾಹಿಗಳ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಹಿರಿಯರೊಬ್ಬರು, "ಬೇಟಿ, ಟೀವಿ ಬಂದ್ ಮಾಡೋದು ಹೇಗೆ ಅಂತ ಮಕ್ಕಳಿಗೆ ಹೇಳು, ನೋಡೋದು ಹೇಗೆ ಅಂತ ಹೇಳಬೇಡ" ಎಂದರು. ಅವರ ಕಾಳಜಿಯಲ್ಲಿ ಹುರುಳಿದೆ. ನಮ್ಮ ಎಷ್ಟೋ ಮನೆಗಳು ಎರಡೇ ಕೋಣೆಯವು. ಮುಂದಿನ ಕೋಣೆಯಲ್ಲಿ ಟೀವಿ, ಅದೇ ಕೋಣೆಯ ಮೂಲೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು. ವಾರಕ್ಕೆ ಆರು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಒಂದು ದೈನಿಕ ಧಾರಾವಾಹಿ ವರ್ಷಕ್ಕೆ 156 ಗಂಟೆ ತಿನ್ನುತ್ತದೆ. ಮೂರು ಧಾರಾವಾಹಿ ನೋಡುವ ಮನೆಯಲ್ಲಿ 468 ಗಂಟೆ. ಅಷ್ಟು ಹೊತ್ತಿನಲ್ಲಿ ಒಂದು ಭಾಷೆಯನ್ನೇ ಕಲಿಯಬಹುದು.

ಆದರೆ ಬಂದ್ ಮಾಡುವ ಗುಂಡಿ ಈಗ ತಂದೆಯ ಕೈಯಲ್ಲಿಲ್ಲ. ಗೋಡೆಯ ಟೀವಿ ಆರಿಸಿದರೆ ಮೊಬೈಲ್ ಬೆಳಗುತ್ತದೆ. ಆದ್ದರಿಂದ ಆರಿಸುವುದಕ್ಕಿಂತ ಆರಿಸಿಕೊಳ್ಳುವುದನ್ನು ಕಲಿಸುವುದೇ ಉಳಿದಿರುವ ದಾರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನಾನು ತರಗತಿಯಲ್ಲಿ ಹೇಳುವ ಗುರುತುಗಳು ಎರಡೇ. ಇದನ್ನು ಬರೆದವರು ಯಾರು? ಇದಕ್ಕೆ ಕೊನೆ ಇದೆಯೇ? ನಟ ಯಾರು, ಯಾವ ಚಾನೆಲ್ ಎಂಬುದೆಲ್ಲ ಆಮೇಲೆ. ಬರೆದವರ ಹೆಸರು ಮೊದಲ ನಿಮಿಷದಲ್ಲೇ ಪರದೆಯ ಮೇಲೆ ಬಂದು ಹೋಗುತ್ತದೆ. ನಾವು ಆಗ ಚಹಾ ತರಲು ಎದ್ದಿರುತ್ತೇವೆ!

'ಮಾಲ್ಗುಡಿ ಡೇಸ್' ತೆಗೆದುಕೊಳ್ಳಿ. ಆರ್.ಕೆ. ನಾರಾಯಣ್ ಅವರ ಕಥೆಗಳು, ಶಂಕರ್ ನಾಗ್ ನಿರ್ದೇಶನ, ಆಗುಂಬೆಯಲ್ಲಿ ಚಿತ್ರೀಕರಣ. 1986-87ರಲ್ಲಿ ದೂರದರ್ಶನದಲ್ಲಿ ಬಂತು. ನಮ್ಮ ನೆಲದಲ್ಲಿ, ಬಹುಪಾಲು ನಮ್ಮ ಕಲಾವಿದರೇ ಮಾಡಿದ ಈ ಸರಣಿ ಟೀವಿಯಲ್ಲಿ ಕನ್ನಡ ಮಾತನಾಡಲು 2020ರ ಲಾಕ್‌ಡೌನ್ ಬರಬೇಕಾಯಿತು ಎಂಬುದು ಬೇರೆಯೇ ಕಥೆ. ಇದರ 'ದಿ ಮಿಸ್ಸಿಂಗ್ ಮೇಲ್' ಎಂಬ ಕಂತನ್ನು ನಾನು ಎಂಟನೆಯ ತರಗತಿಗೆ ತೋರಿಸಿದ್ದೇನೆ. ತಾನಪ್ಪ ಎಂಬ ಅಂಚೆಯವನಿಗೆ ಬೀದಿಯ ಎಲ್ಲ ಮನೆಗಳ ಸುಖದುಃಖ ಗೊತ್ತು. ಒಂದು ಮನೆಯಲ್ಲಿ ಬಹಳ ಕಷ್ಟದಿಂದ ಕೂಡಿಬಂದ ಮದುವೆ. ಅದೇ ಹೊತ್ತಿಗೆ ಬಂಧುವೊಬ್ಬರ ಸಾವಿನ ಸುದ್ದಿ ಅಂಚೆಗೆ ಬರುತ್ತದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ತಾನಪ್ಪ ಅದನ್ನು ಬಚ್ಚಿಟ್ಟು, ಮದುವೆ ಮುಗಿದ ಮೇಲೆ ತಂದುಕೊಡುತ್ತಾನೆ. ನನ್ನ ಮೇಲೆ ದೂರು ಕೊಡಿ ಎನ್ನುತ್ತಾನೆ.

ಕಂತು ಮುಗಿದ ಮೇಲೆ ತರಗತಿ ಎರಡು ಪಕ್ಷವಾಯಿತು. "ಮದುವೆ ನಿಂತಿದ್ದರೆ ಆ ಅಕ್ಕನಿಗೆ ಮತ್ತೆ ಸಂಬಂಧ ಬರ್ತಿತ್ತಾ ಮಿಸ್?" ಎಂದ ಒಬ್ಬ ಹುಡುಗ. ಅವನಿಗೆ ಮೂವರು ಅಕ್ಕಂದಿರು. "ಮಯ್ಯತ್ ಖಬರ್ ಮುಚ್ಚಿಡೋ ಹಕ್ಕು ಅವನಿಗೆ ಕೊಟ್ಟವರು ಯಾರು?" ಎಂದಳು ಹಿಂದಿನ ಬೆಂಚಿನ ಹುಡುಗಿ. ವರ್ಷವಿಡೀ ಬಾಯಿ ಬಿಡದ ಮಗು ಅದು. ಪೀರಿಯಡ್ ಮುಗಿದ ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. ಅರ್ಧ ಗಂಟೆಗೂ ಕಡಿಮೆ ಹೊತ್ತಿನ ಒಂದು ಕಂತು ಇಷ್ಟು ಮಾಡುತ್ತದೆ. ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ಹದಿನೈದು ದಿನ ತೋರಿಸಿದರೂ ಚರ್ಚಿಸಲು ಅದರಲ್ಲಿ ಏನಿದೆ?

ಇನ್ನು ಬಿ.ಆರ್. ಚೋಪ್ರಾ ಅವರ 'ಮಹಾಭಾರತ್'. 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ 94 ಕಂತುಗಳು. ಭಾನುವಾರ ಬೆಳಗ್ಗೆ ರಸ್ತೆಗಳೇ ಖಾಲಿಯಾಗುತ್ತಿದ್ದವೆಂದು ನಮ್ಮ ಅಮ್ಮಿ ಈಗಲೂ ಹೇಳುತ್ತಾರೆ. ಆದರೆ ಅದರ ಸಂಭಾಷಣೆ ಬರೆದವರು ಡಾ. ರಾಹಿ ಮಾಸೂಮ್ ರಜಾ ಎಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಗಾಜಿಪುರದವರು, ಅಲಿಗಢದಲ್ಲಿ ಉರ್ದು ಕಲಿಸಿದವರು, 'ಆಧಾ ಗಾಂವ್' ಕಾದಂಬರಿಯ ಕರ್ತೃ. ಮುಸ್ಲಿಮನೊಬ್ಬ ಮಹಾಭಾರತ ಬರೆಯುವುದೇ ಎಂದು ಆಗ ಆಕ್ಷೇಪಗಳೂ ಬಂದಿದ್ದವು. ಅವರು ವಾದಕ್ಕೆ ನಿಂತು ಗೆದ್ದದ್ದಲ್ಲ, ಬರೆದು ಗೆದ್ದರು. ಅದರಲ್ಲಿನ 'ಪಿತಾಶ್ರೀ', 'ಮಾತಾಶ್ರೀ' ಎಂಬ ಸಂಬೋಧನೆಗಳು ನಮ್ಮ ಅಬ್ಬಾಜಾನ್, ಅಮ್ಮೀಜಾನ್ ಮಾದರಿಯಲ್ಲಿ ಹುಟ್ಟಿದವೆಂಬ ಮಾತಿದೆ. ಎರಡು ಭಾಷೆ ಚೆನ್ನಾಗಿ ಕಲಿತವನ ಕೈಯಲ್ಲಿ ಮೂರನೆಯದೂ ಒಲಿಯುತ್ತದೆ. ಉರ್ದು ಮಾಧ್ಯಮದಲ್ಲಿ ಓದುತ್ತಿರುವ, ಕನ್ನಡ ಪೇಪರಿಗೆ ಹೆದರುವ ಮಕ್ಕಳು ಇದನ್ನು ಗಮನಿಸಬೇಕು.

ಬರೆದವರನ್ನು ಕೇಳುವ ಅಭ್ಯಾಸಕ್ಕೆ ಇನ್ನೊಂದು ಉಪಯೋಗವಿದೆ. 1990ರಲ್ಲಿ ಬಂದ 'ದಿ ಸ್ವೋರ್ಡ್ ಆಫ್ ಟಿಪು ಸುಲ್ತಾನ್' ನಮ್ಮ ಮನೆಗಳಲ್ಲಿ ಇತಿಹಾಸದಂತೆ ನೋಡಲ್ಪಟ್ಟಿತು. ಅದು ಭಗವಾನ್ ಗಿದ್ವಾನಿಯವರ ಕಾದಂಬರಿ ಆಧರಿಸಿದ್ದು. ಹಾಗೆಂದು ಪ್ರಕಟಣೆ ತೋರಿಸಿಯೇ ದೂರದರ್ಶನ ಪ್ರಸಾರ ಮಾಡಿತು. ಅಭಿಮಾನದಿಂದ ನೋಡೋಣ, ಆದರೆ ಪರೀಕ್ಷೆಯಲ್ಲಿ ಅದನ್ನು ಬರೆಯುವುದು ಬೇಡ. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಯಾರೂ ನೆನೆಯುವುದಿಲ್ಲ. ಟಿಪ್ಪುವಿನ ಕಾಲವನ್ನು ಇನ್ನೊಂದು ಕಣ್ಣಿನಿಂದ ನೋಡಬೇಕೆಂದರೆ ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್' ಇದೆ. ನೆಹರೂ ಅವರ ಪುಸ್ತಕದ ಆಧಾರ, 53 ಕಂತು. ಅದರಲ್ಲಿ ರಾಮ, ಕೃಷ್ಣ, ಟಿಪ್ಪು ಮೂವರ ಪಾತ್ರವನ್ನೂ ಮಾಡಿದವರು ಸಲೀಂ ಘೌಸ್ ಎಂಬ ಒಬ್ಬನೇ ನಟ. ಬೆನಗಲ್ ಅವರದೇ 'ಸಂವಿಧಾನ್' 2014ರದು, ಹತ್ತೇ ಕಂತು. ಸಮಾಜ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗೈಡ್ ಇಲ್ಲ.

ಹೆಣ್ಣುಮಕ್ಕಳು ನನ್ನನ್ನು ಕೇಳುವುದು 'ಜಿಂದಗಿ ಗುಲ್ಜಾರ್ ಹೈ' ಬಗ್ಗೆ. ಉಮೇರಾ ಅಹ್ಮದ್ ಅವರ ಕಾದಂಬರಿ ಆಧರಿಸಿದ ಪಾಕಿಸ್ತಾನಿ ನಾಟಕವದು. ಇಲ್ಲಿ 2014ರಲ್ಲಿ ಪ್ರಸಾರವಾಯಿತು. ಗಂಡುಮಗು ಇಲ್ಲವೆಂದು ತಂದೆ ಇನ್ನೊಂದು ಮದುವೆಯಾಗುತ್ತಾನೆ, ತಾಯಿ ಶಾಲೆಯಲ್ಲಿ ದುಡಿದು ಮೂವರು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ. 2025ರ ಮೇ ತಿಂಗಳಲ್ಲಿ ಸರ್ಕಾರದ ಸೂಚನೆ ಬಂದ ಮೇಲೆ ಇಂಥವು ಇಲ್ಲಿನ ಆ್ಯಪ್‌ಗಳಿಂದ ಹೋದವು. ಹೋಗಲಿ, ಉರ್ದು ಓದಲು ಬರುವವರಿಗೆ ಕಾದಂಬರಿಯೇ ಇದೆಯಲ್ಲ! ಕೇಳುವ ಉರ್ದುವಿಗೆ ಗುಲ್ಜಾರ್ ಅವರ 'ಮಿರ್ಜಾ ಗಾಲಿಬ್' (1988) ಸಾಕು. ನಸೀರುದ್ದೀನ್ ಶಾ ಅವರ ಉಚ್ಚಾರವನ್ನು ಕೇಳಿ, ಆಮೇಲೆ ನಮ್ಮ 'ಖಾಫ್', 'ಕಾಫ್' ಸರಿಮಾಡಿಕೊಳ್ಳೋಣ.

ಕನ್ನಡದಲ್ಲಿ ಟಿ.ಎನ್. ಸೀತಾರಾಂ ಅವರ ಹೆಸರು ಮೊದಲು ಬರಬೇಕು. 1998ರ 'ಮಾಯಾಮೃಗ'ದಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ಜೊತೆಗಿದ್ದರು. ಮುಂದೆ 'ಮನ್ವಂತರ', 'ಮುಕ್ತ'. ಕೆಳಮಧ್ಯಮ ವರ್ಗದ ಮನೆಯ ಹಣದ ಚಿಂತೆ, ನೌಕರಿ, ನ್ಯಾಯಾಲಯ ಇವೆಲ್ಲ ದೈನಿಕ ಧಾರಾವಾಹಿಯಲ್ಲೂ ಬರಬಹುದೆಂದು ತೋರಿಸಿದವರು ಅವರು. ಗಿರೀಶ್ ಕಾಸರವಳ್ಳಿಯವರು ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿ ಮಾಡಿದರು. ಹೊಸತರಲ್ಲಿ 2024ರ 'ಏಕಂ' ನೋಡಿ, ಕರಾವಳಿಯ ಏಳು ಬಿಡಿ ಕಥೆಗಳು. ದೊಡ್ಡ ಓಟಿಟಿಗಳು ಕೊಳ್ಳದಿದ್ದಾಗ ತಯಾರಕರು ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಿದರು. ಒಳ್ಳೆಯದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ, ಹುಡುಕಬೇಕು ಎನ್ನುವುದಕ್ಕೆ ಇದೇ ನಿದರ್ಶನ.

ಒಂದು ಮಾತು ಬಾಕಿ ಇದೆ. ನಮ್ಮಂಥ ಮನೆಗಳು ಕನ್ನಡದ ದೈನಿಕ ಧಾರಾವಾಹಿಗಳಲ್ಲಿ ಕಾಣುವುದು ಬಹಳ ಅಪರೂಪ. ಕಂಡರೆ ಹಬ್ಬದ ಬಿರಿಯಾನಿ ಹಿಡಿದು ಬರುವ ಪಕ್ಕದ ಮನೆಯವರಾಗಿ. ಹಾಗೆಂದು ಚಾನೆಲ್‌ನವರನ್ನು ಮಾತ್ರ ದೂರಿದರೆ ಸಾಲದು. ಶೇಷಾದ್ರಿಯವರು ಬೊಳುವಾರು ಮಹಮದ್ ಕುಂಞಿ ಅವರ ಕಥೆಯಿಂದ 'ಮುನ್ನುಡಿ' ಸಿನಿಮಾ ಮಾಡಿದರು, ಕಾಸರವಳ್ಳಿಯವರು ಬಾನು ಮುಷ್ತಾಕ್ ಅವರ ಕಥೆಯಿಂದ 'ಹಸೀನಾ' ಮಾಡಿದರು. ಬರೆದ ಕಥೆ ಇತ್ತು, ಅದಕ್ಕೇ ಸಿನಿಮಾ ಆಯಿತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದೂ ಕನ್ನಡದಲ್ಲಿ ಬರೆದ ನಮ್ಮ ಮನೆಗಳ ಕಥೆಗಳಿಗೇ.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. 'ದಿ ಮಿಸ್ಸಿಂಗ್ ಮೇಲ್' ನೋಡಿ, ತಾನಪ್ಪ ನಿಮ್ಮ ಬೀದಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಎರಡು ಪುಟ ಬರೆಯಿರಿ. ಉರ್ದುವಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ತಿದ್ದಿಕೊಡುವ ಹೊಣೆ ನನ್ನದು.