ರಂಗಮಂದಿರದ ಬಾಗಿಲಲ್ಲಿ ನಿಂತವರು

(ತಾಲ್ಲೂಕು ಕೇಂದ್ರವೊಂದರ ರಂಗಮಂದಿರದಲ್ಲಿ ಚಿತ್ರಸಮಾಜದ ಪ್ರಾರಂಭೋತ್ಸವದಂದು ಮಾಡಿದ ಭಾಷಣ)



ನಿಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆಯಲು ಬಂದಾಗಲೇ, “ಹತ್ತು ನಿಮಿಷ ಮಾತಾಡಿದರೆ ಸಾಕು, ಜನ ಬರುವುದು ಸಿನಿಮಾ ನೋಡಲಿಕ್ಕೆ” ಎಂದು ಎಚ್ಚರಿಸಿದ್ದರು. ನ್ಯಾಯವಾದ ಮಾತು. ಆದರೆ ಅವರು ಕೊಟ್ಟುಹೋದ ಅಚ್ಚಿನ ಕಾರ್ಯಕ್ರಮಪಟ್ಟಿಯನ್ನು ಮನೆಯಲ್ಲಿ ಕೂತು ಓದಿದ ಮೇಲೆ ಹತ್ತು ನಿಮಿಷ ನನಗೆ ಸಾಲದೆಂದು ತೋರಿತು. ತಿಂಗಳ ಮೊದಲ ಭಾನುವಾರ ಚಲಚ್ಚಿತ್ರ, ಎರಡನೆಯ ಭಾನುವಾರ ಮಕ್ಕಳಿಗೆ ಚಿತ್ರ ಬರೆಯುವುದು ಮತ್ತು ಮಣ್ಣಿನ ಕೆಲಸ, ಮೂರನೆಯ ವಾರ ನಾಟಕ ವಾಚನ, ನಾಲ್ಕನೆಯ ವಾರ ಹಾಡು. ಇಷ್ಟನ್ನು ಒಂದು ಸಣ್ಣ ಊರಿನ ಹುಡುಗ ಹುಡುಗಿಯರು ಸೇರಿ ಯೋಚಿಸಿದ್ದಾರೆಂದರೆ ಸಂತೋಷಪಡಬೇಕಾದ ಸಂಗತಿ. ನಾನೂ ಸಂತೋಷಪಟ್ಟೆ. ಆಮೇಲೆ ಪಟ್ಟಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು: “ವಾರ್ಷಿಕ ಚಂದಾ 1200 ರೂಪಾಯಿ. ಸದಸ್ಯರಿಗೆ ಮಾತ್ರ ಪ್ರವೇಶ.” ದೊಡ್ಡ ಅಕ್ಷರದ ವಿಷಯವನ್ನು ಅಧ್ಯಕ್ಷರು ಹೇಳಿದ್ದಾರೆ. ನಾನು ಈ ಸಣ್ಣ ಅಕ್ಷರದ ವಿಷಯ ಹೇಳಿ ಕೂರುತ್ತೇನೆ.

ಇದನ್ನು ಹೇಳಲು ನನಗೊಂದು ಅರ್ಹತೆ ಇದೆ. ಒಳ್ಳೆಯ ಅರ್ಹತೆಯೇನೂ ಅಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ, ಬೇರೆ ಊರಿನಲ್ಲಿ, ಇಂಥದೇ ಒಂದು ಚಿತ್ರಸಮಾಜಕ್ಕೆ ನಾನು ಖಜಾಂಚಿಯಾಗಿದ್ದೆ. ಶಾಲೆಯ ಹಜಾರ, ಬಾಡಿಗೆಗೆ ತಂದ 16 ಮಿಲಿಮೀಟರಿನ ಯಂತ್ರ, ಗೋಡೆಗೆ ಕಟ್ಟಿದ ಬಿಳಿಯ ಪಂಚೆ. ಚಿತ್ರದ ಸುರುಳಿಗಳು ತಗಡಿನ ಡಬ್ಬಗಳಲ್ಲಿ ಬಸ್ಸಿನ ಮೇಲೆ ಬರುತ್ತಿದ್ದವು. ಬಸ್‌ಸ್ಟ್ಯಾಂಡಿನ ಹಮಾಲಿಯೊಬ್ಬ ಅವನ್ನು ತಲೆಯ ಮೇಲೆ ಹೊತ್ತು ಹಜಾರಕ್ಕೆ ತರುತ್ತಿದ್ದ. ಪ್ರತಿ ಸಲವೂ ಅವನೇ. ಡಬ್ಬಗಳಲ್ಲಿ ಏನಿದೆಯೆಂದು ಅವನು ಕೇಳಿರಲಿಲ್ಲ, ನಾವು ಹೇಳಿಯೂ ಇರಲಿಲ್ಲ.

ಒಂದು ಸಂಜೆ ಡಬ್ಬ ಇಳಿಸಿದವನು ಹೋಗದೆ ಹಿಂದುಗಡೆ ಗೋಡೆಗೆ ಒರಗಿ ಕೂತುಬಿಟ್ಟ. ಅಂದಿನ ಚಿತ್ರ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’. ಭಾಷೆ ಬಂಗಾಳಿ, ಅಡಿಯ ಅಕ್ಷರಗಳು ಇಂಗ್ಲಿಷು. ಅವನಿಗೆ ಎರಡೂ ಬಾರದು. ಅಕ್ಕ ತಮ್ಮ ಇಬ್ಬರೂ ರೈಲು ನೋಡಿ ಹಿಂದಿರುಗುವಾಗ ದಾರಿಯಲ್ಲಿ ಕೂತ ಮುದುಕಿಯನ್ನು ಕಾಣುತ್ತಾರೆ. ಹುಡುಗಿ ಅಲುಗಿಸುತ್ತಾಳೆ, ಮುದುಕಿ ಉರುಳುತ್ತಾಳೆ. ಹಿಂದಿನಿಂದ ಹಮಾಲಿ ಗಟ್ಟಿಯಾಗಿ, “ಅಯ್ಯೋ, ಅಜ್ಜಿ ಹೋಗ್ಬಿಡ್ತಲ್ಲೋ!” ಎಂದ. ಮುಂದಿನ ಸಾಲಿನವರು ಹಿಂದಿರುಗಿ ನೋಡಿದರು. ಒಬ್ಬರು, “ಅವನ ಹತ್ತಿರ ಕಾರ್ಡು ಇದೆಯೇನ್ರೀ?” ಎಂದು ಕೇಳಿದರು. ಖಜಾಂಚಿ ನಾನು. ಎದ್ದು ಹೋಗಿ ಅವನ ಭುಜ ಮುಟ್ಟಿ ಹೊರಗೆ ಕರೆದೆ. ಅವನು ಜಗಳವಾಡಲಿಲ್ಲ. ಮುಂದಿನ ತಿಂಗಳೂ ಬಂದ. ಡಬ್ಬ ಒಳಗಿಟ್ಟ, ಕೂಲಿ ಎಣಿಸಿಕೊಂಡ, ಹೋದ.

ಆ ಹಜಾರದಲ್ಲಿ ಚಿತ್ರವನ್ನು ನಿಜವಾಗಿ ನೋಡುತ್ತಿದ್ದವನು ಅವನೊಬ್ಬನೇ ಇರಬೇಕೆಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ನಾವೆಲ್ಲ ಅಡಿಯ ಅಕ್ಷರ ಓದುತ್ತಿದ್ದೆವು. ಊರಿಗೆ ಟೆಲಿವಿಷನ್ ಬಂದಾಗ ನಮ್ಮ ಸದಸ್ಯರಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಉಳಿದರು, ಸಮಾಜ ಮುಚ್ಚಿತು. ಹಮಾಲಿಯ ಮನೆಯಲ್ಲಿ ಟೆಲಿವಿಷನ್ ಇರಲಿಲ್ಲ. ಅವನು ಬರುತ್ತಿದ್ದ. ಬರಬಲ್ಲವನನ್ನು ನಾನೇ ಕಳಿಸಿದ್ದೆ.

‘ಸದಸ್ಯರಿಗೆ ಮಾತ್ರ’ ಎಂಬ ಮಾತು ಹುಟ್ಟಿದ್ದು ಹೇಗೆಂಬುದನ್ನು ತರುಣರು ತಿಳಿದಿರಬೇಕು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ಇಂಥ ಸಮಾಜಗಳೆಲ್ಲ ಸೇರಿ ಒಂದು ಒಕ್ಕೂಟವಾಯಿತು, ರಾಯರೇ ಅದರ ಅಧ್ಯಕ್ಷರಾದರು. ಹೊರದೇಶದ ಚಿತ್ರಗಳನ್ನು ಸೆನ್ಸಾರಿನ ಕತ್ತರಿಗೆ ಕೊಡದೆ ತೋರಿಸಬೇಕಾದರೆ ಅದು ಸಾರ್ವಜನಿಕ ಪ್ರದರ್ಶನವಾಗಿರಬಾರದು, ಸದಸ್ಯರ ಕೂಟವಾಗಿರಬೇಕು ಎಂಬ ನಿಯಮವಿತ್ತು. ಆದ್ದರಿಂದ ಸದಸ್ಯತ್ವವೆಂಬುದು ಸರ್ಕಾರದ ಕತ್ತರಿಯ ವಿರುದ್ಧ ಹಿಡಿದ ಗುರಾಣಿ. ಕಾಲಕ್ರಮದಲ್ಲಿ ಊರೂರಿನ ನಮ್ಮಂಥವರ ಕೈಯಲ್ಲಿ ಆ ಗುರಾಣಿಯೇ ಬೇಲಿಯಾಯಿತು. ನೀವು ಸದಸ್ಯತ್ವ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಅದರ ಬೆಲೆ ಎಷ್ಟು, ಆ ಬೆಲೆ ಯಾರನ್ನು ಹೊರಗಿಡುತ್ತದೆ ಎಂಬುದಷ್ಟೇ ಪ್ರಶ್ನೆ.

“ಚಂದಾ ಇಳಿಸಬಹುದು ಸಾರ್, ಆದರೆ ಅಂಥವರಿಗೆ ಈ ಚಿತ್ರಗಳು ಅರ್ಥವಾಗುತ್ತವೆಯೇ?” ಎಂದು ಸಮಿತಿಯ ಒಬ್ಬ ಮಿತ್ರರು ನಿನ್ನೆ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಈ ಪ್ರಶ್ನೆಗೆ ನಮ್ಮ ಜಿಲ್ಲೆಯೇ ಐವತ್ತು ವರ್ಷದ ಹಿಂದೆ ಉತ್ತರ ಕೊಟ್ಟಾಗಿದೆ.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಇಂದು ಎಲ್ಲರೂ ನೀನಾಸಂ ಎನ್ನುತ್ತಾರೆ. ಅಡಿಕೆ ತೋಟದ ಊರು. ಸಂಜೆ ನಾಟಕ ಆಡುವವರ ಸಂಘ. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1970ರ ದಶಕದ ಮೊದಲ ಭಾಗದಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು, ಅದರ ಜೊತೆಜೊತೆಗೆ ಚಿತ್ರಸಮಾಜವೂ ಆಯಿತು. ಪುಣೆಯಲ್ಲಿ 1964ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಅವರು ತಮ್ಮ ಭಂಡಾರದ ಚಿತ್ರಗಳು ಆ ಹಳ್ಳಿಗೆ ಹೋಗುವಂತೆ ಮಾಡಿದರು. ಸರ್ಕಾರಿ ಭಂಡಾರದ ಬೀಗದ ಕೈ ಹಿಡಿದವರಲ್ಲಿ ಇಂಥವರು ಅಪರೂಪ. ಕುರೊಸಾವಾನ ‘ರಾಶೊಮಾನ್’, ಡಿ ಸೀಕಾನ ‘ಬೈಸಿಕಲ್ ಥೀವ್ಸ್’, ರಾಯರ ‘ಪಥೇರ್ ಪಾಂಚಾಲಿ’ಗಳನ್ನು ಮಲೆನಾಡಿನ ಹಳ್ಳಿಗರು ಕೂತು ನೋಡಿದರು. 2012ರಲ್ಲಿ ನಾಯರ್ ಅವರ ಕುರಿತು ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಚಿತ್ರ ಬಂತು. ಹೆಗ್ಗೋಡಿನ ಕಡೆಯ ಕೃಷಿಕರು ಎಷ್ಟೋ ವರ್ಷದ ಹಿಂದೆ ಕಂಡ ಆ ಚಿತ್ರಗಳನ್ನು ನೆನೆದು ಅದರಲ್ಲಿ ಮಾತಾಡುತ್ತಾರೆ.

‘ರಾಶೊಮಾನ್’ ಎಂದರೆ ಏನು? ಕಾಡಿನಲ್ಲಿ ಒಂದು ಕೊಲೆ. ಕೊಂದನೆನ್ನುವ ದರೋಡೆಕೋರ ಒಂದು ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು, ಮೈಮೇಲೆ ಬಂದು ಮಾತಾಡುವ ಸತ್ತವನೇ ಮತ್ತೊಂದು, ಕಟ್ಟಿಗೆ ಕಡಿಯುವವನು ಮಗದೊಂದು. ಮುರುಕು ಹೆಬ್ಬಾಗಿಲಿನ ಕೆಳಗೆ ಮಳೆಗೆ ನಿಂತ ಜನ ಇದರಲ್ಲಿ ಯಾವುದು ನಿಜವೆಂದು ತಲೆ ಕೆಡಿಸಿಕೊಳ್ಳುತ್ತಾರೆ. 1951ರಲ್ಲಿ ವೆನಿಸ್ ನಗರದಲ್ಲಿ ಅದಕ್ಕೆ ದೊಡ್ಡ ಬಹುಮಾನ ಬಂದಾಗ ಪಂಡಿತರು ಬೇಕಾದಷ್ಟು ಬರೆದರು. ಆದರೆ ಗಡಿಕಲ್ಲಿನ ಜಗಳದಲ್ಲಿ ನಾಲ್ಕು ಸಾಕ್ಷಿಗಳು ನಾಲ್ಕು ಬಗೆಯಾಗಿ ಹೇಳುವುದನ್ನು ಕೇಳಿ ಕೋರ್ಟಿನಿಂದ ಬಸ್ಸು ಹತ್ತಿ ಬಂದ ರೈತನಿಗೆ, ಗದ್ದಿಗೆಯ ಮುಂದೆ ಮೈಮೇಲೆ ಬರುವುದನ್ನು ಹುಟ್ಟಿದಾಗಿನಿಂದ ಕಂಡವನಿಗೆ, ಈ ಕಥೆಯಲ್ಲಿ ಅರ್ಥವಾಗದ್ದು ಏನಿದೆ? ಮಳೆಯ ವಿಷಯವಂತೂ ಮಲೆನಾಡಿನವನಿಗೆ ಹೇಳಬೇಕಾಗಿಯೇ ಇಲ್ಲ.

ಹೆಗ್ಗೋಡಿನವರು ಚಿತ್ರ ತೋರಿಸಿ ಸುಮ್ಮನಾಗಲಿಲ್ಲ. ಚಿತ್ರವನ್ನು ನೋಡುವ ರೀತಿಯ ಬಗ್ಗೆ ಶಿಬಿರ ನಡೆಸಿದರು, ಕನ್ನಡದಲ್ಲಿಯೇ ಬರೆದರು, ಮಾತಾಡಿದರು. 1980ರಲ್ಲಿ ರಂಗಶಿಕ್ಷಣದ ಶಾಲೆ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ಎಂದು ಒಂದರಿಂದ ಒಂದು ಬೆಳೆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ನಡೆದಿದೆ. ಹಾಗೆಂದು ಹೆಗ್ಗೋಡಿಗೆ ಕೈಮುಗಿದು ಕೂರಬೇಕೆಂದು ನಾನು ಹೇಳುವುದಿಲ್ಲ. ತೋಟದ ಒಡೆಯನೂ ತೋಟದ ಆಳೂ ಒಂದೇ ಬೆಂಚಿನ ಮೇಲೆ ಕೂತರೇ, ಹೆಂಗಸರು ಎಷ್ಟು ಮಂದಿ ಬಂದರು ಎಂಬ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು, ಇಲ್ಲಿಯೂ ಕೇಳಬೇಕು. ಕೇಳಿದರೆ ಯಾರಿಗೂ ಅವಮಾನವಲ್ಲ.

ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ನಿಮಗೆಲ್ಲ ತಿಳಿದದ್ದೇ. ಲೋಹಿಯಾ ಬಂದರು, ಸೆರೆಯಾದರು. ಜಗಳ ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿ ಅಳೆಯುವ ಕೊಳಗ ಒಡೆಯನದು, ಅದು ನ್ಯಾಯದ ಅಳತೆಗಿಂತ ದೊಡ್ಡದು. “ಅವರಿಗೆ ಅರ್ಥವಾಗುತ್ತದೆಯೇ” ಎಂದು ಯಾರಾದರೂ ಕೇಳಿದಾಗ ನನಗೆ ಆ ಕೊಳಗ ನೆನಪಾಗುತ್ತದೆ. ಅರ್ಥವನ್ನು ಅಳೆಯುವ ಕೊಳಗವನ್ನು ನಾವೇ ಕೈಯಲ್ಲಿ ಹಿಡಿದುಕೊಂಡು, ತುಂಬಲಿಲ್ಲ ತುಂಬಲಿಲ್ಲ ಎನ್ನುತ್ತೇವೆ.

ಈಗ ವ್ಯವಹಾರದ ಮಾತು. ಚಂದಾವನ್ನು ಇಳಿಸಿ, ಕೊಡಲಾರದವರು ಬಾಗಿಲಲ್ಲಿ ಡಬ್ಬಿಗೆ ಐದೋ ಹತ್ತೋ ಹಾಕಿ ಒಳಗೆ ಬರುವಂತಾಗಲಿ. ಖರ್ಚು ಹೇಗೆ ತೂಗುವುದೆಂದು ಕೇಳುತ್ತೀರಿ. ಹಿಂದಿನ ಕಾಲದ ಹಾಗೆ ಸುರುಳಿ ತರಿಸುವ, ಯಂತ್ರ ಬಾಡಿಗೆ ಹಿಡಿಯುವ ಖರ್ಚು ಈಗಿಲ್ಲ. ಆದರೆ ಮನೆಯಲ್ಲಿ ನೋಡಲು ಕೊಂಡ ಚಿತ್ರವನ್ನು ಸಭೆಯಲ್ಲಿ ತೋರಿಸಲು ಅನುಮತಿ ಬೇರೆಯೇ ಬೇಕು. ಅದನ್ನು ಬರೆದು ಕೇಳಿ ಪಡೆಯಿರಿ, ಅದಕ್ಕೆ ಹಣ ತೆಗೆದಿಡಿ. ಬಣ್ಣದ ಬ್ಯಾನರು, ಅತಿಥಿಗಳ ಹಾರ ಶಾಲುಗಳನ್ನು ಬಿಟ್ಟರೆ ಅಷ್ಟು ಉಳಿಯುತ್ತದೆ. ನನಗೆ ಹಾಕಿದ ಈ ಶಾಲಿನಿಂದಲೇ ಉಳಿತಾಯ ಪ್ರಾರಂಭಿಸಿ, ಸಭೆ ಮುಗಿದ ಮೇಲೆ ಹಿಂದಿರುಗಿಸುತ್ತೇನೆ.

ಎರಡನೆಯದು ಹೊತ್ತು. ಸಂಜೆ ಆರು ಗಂಟೆಯೆಂದು ಹಾಕಿದ್ದೀರಿ. ಆರು ಗಂಟೆ ಯಾರ ಬಿಡುವಿನ ಹೊತ್ತು? ಆಫೀಸಿನವರದು. ಹಾಲು ಕರೆಯುವವಳದಲ್ಲ, ಒಲೆ ಹೊತ್ತಿಸುವವಳದಲ್ಲ. ಅಡಿಕೆ ಸುಗ್ಗಿಯಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಹತ್ತಾದರೂ ಏಳುವುದಿಲ್ಲ. ಅವರನ್ನು ಕೇಳಿ ಹೊತ್ತು ಗೊತ್ತುಮಾಡಿ. ಭಾನುವಾರ ಮಧ್ಯಾಹ್ನ ಮೂರು ಗಂಟೆ ಎಂದರೆ ಎಂದಾರು, ಸುಗ್ಗಿಯ ಎರಡು ತಿಂಗಳು ಚಪ್ಪರದ ಹತ್ತಿರವೇ ಪರದೆ ಕಟ್ಟಿ ಎಂದರೂ ಎಂದಾರು. ಸುಲಿಯುತ್ತಲೇ ನೋಡುತ್ತಾರೆ, ಕೈಗೆ ಕಣ್ಣು ಬೇಡದಷ್ಟು ಅಭ್ಯಾಸ ಅವರಿಗಿದೆ.

ಮೂರನೆಯದು ಭಾಷೆ. ಚಿತ್ರದ ಮೊದಲು ಯಾರಾದರೂ ಒಬ್ಬರು ಎದ್ದು ಐದು ನಿಮಿಷ ಕನ್ನಡದಲ್ಲಿ ಕಥೆಯ ಎಳೆ ಹೇಳಲಿ. ಯಾವ ದೇಶ, ಯಾವ ಕಾಲ, ಯಾರಿಗೆ ಯಾರು ಏನಾಗಬೇಕು, ಇಷ್ಟು ಸಾಕು. ಬೆಳಕು ನೆರಳು, ಕ್ಯಾಮರಾದ ಕೋನ ಎಂದು ಮೊದಲೇ ಉಪನ್ಯಾಸ ಕೊಡಬೇಡಿ. ಮುಗಿದ ಮೇಲೆ ಚರ್ಚೆಗೆ ಕೂತಾಗ ಮೊದಲ ಮಾತು ಕಾಲೇಜಿನವರದಾಗದಿರಲಿ. ಅವರು ಮೊದಲು ಮಾತಾಡಿದರೆ ಉಳಿದವರು ಬಾಯಿ ತೆರೆಯುವುದಿಲ್ಲ, ಇದು ನಾನು ಕಂಡದ್ದು. ನಡುವೆ ಯಾರಾದರೂ “ಅಯ್ಯೋ” ಎಂದರೆ ತಿರುಗಿ ನೋಡಬೇಡಿ. ಮಕ್ಕಳ ಮಣ್ಣಿನ ಕೆಲಸಕ್ಕೆ ಪೇಟೆಯಿಂದ ಬಣ್ಣದ ಜೇಡಿ ತರಿಸುವ ಯೋಚನೆ ಇದೆಯೆಂದು ಕೇಳಿದೆ. ಕುಂಬಾರರ ಬೀದಿ ಇಲ್ಲಿಂದ ಎಷ್ಟು ದೂರ?

ಇಂದಿನ ಚಿತ್ರ ‘ಬೈಸಿಕಲ್ ಥೀವ್ಸ್’, 1948ರದು, ಇಟಲಿಯದು. ಕನ್ನಡದಲ್ಲಿ ಕಥೆ ಹೇಳಬೇಕೆಂದು ನಾನೇ ಹೇಳಿದ ಮೇಲೆ ನಾನೇ ಹೇಳಿಬಿಡುತ್ತೇನೆ. ಯುದ್ಧ ಮುಗಿದ ರೋಮ್ ನಗರ. ಕೆಲಸವಿಲ್ಲದೆ ಅಲೆಯುತ್ತಿರುವ ಒಬ್ಬನಿಗೆ ಗೋಡೆಗೆ ಪೋಸ್ಟರು ಅಂಟಿಸುವ ಕೆಲಸ ಸಿಗುತ್ತದೆ, ಸೈಕಲ್ ಇದ್ದರೆ ಮಾತ್ರ. ಸೈಕಲ್ ಒತ್ತೆಯಲ್ಲಿದೆ. ಹೆಂಡತಿ ಹಾಸಿಗೆಯ ಬಟ್ಟೆಗಳನ್ನು ಕಿತ್ತು ಒತ್ತೆಯಿಟ್ಟು ಸೈಕಲ್ ಬಿಡಿಸುತ್ತಾಳೆ. ಮೊದಲ ದಿನವೇ, ಅವನು ಏಣಿ ಹತ್ತಿ ಸಿನಿಮಾ ತಾರೆಯೊಬ್ಬಳ ಪೋಸ್ಟರನ್ನು ಅಂಟಿಸುತ್ತಿರುವಾಗ, ಕೆಳಗೆ ಸೈಕಲ್ ಕಳುವಾಗುತ್ತದೆ. ಅವನೂ ಅವನ ಪುಟ್ಟ ಮಗನೂ ಹುಡುಕುತ್ತ ಹೊರಡುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಅಪ್ಪನ ಪಾತ್ರ ಮಾಡಿದವನು ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಹೆಸರು ಲಂಬೆರ್ತೊ ಮಜ್ಜೊರಾನಿ. ರಾಯರು 1950ರಲ್ಲಿ ಲಂಡನ್ನಿನಲ್ಲಿ ಈ ಚಿತ್ರ ನೋಡಿದ ಮೇಲೆಯೇ ‘ಪಥೇರ್ ಪಾಂಚಾಲಿ’ಯನ್ನು ಹೊರಗಿನ ಬಯಲಿನಲ್ಲಿ, ಹೊಸಬರನ್ನು ಇಟ್ಟುಕೊಂಡು ಮಾಡಬಹುದೆಂದು ನಿಶ್ಚಯಿಸಿದ್ದು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ, ಅವರ ಹತ್ತು ನಿಮಿಷ ಎಂದೋ ಮುಗಿದಿದೆ. ಅಲ್ಲಿ ಬಾಗಿಲ ಹತ್ತಿರ ಏಳೆಂಟು ಮಂದಿ ನಿಂತಿದ್ದಾರೆ; ಇಬ್ಬರ ಹೆಗಲ ಮೇಲೆ ಮೂಟೆ ಹೊರುವ ಗೋಣಿ ಇನ್ನೂ ಇದೆ. ಮುಂದಿನ ಸಾಲಿನಲ್ಲಿ ಆಹ್ವಾನಿತರಿಗೆಂದು ಕಾದಿರಿಸಿದ ಹನ್ನೆರಡು ಕುರ್ಚಿ ಖಾಲಿ ಇವೆ. ಬನ್ನಿ ಅಣ್ಣ, ನೀವೂ ಬನ್ನಿ, ಮುಂದೆ ಬಂದು ಕೂತುಕೊಳ್ಳಿ. ಕೂತ ಮೇಲೆ ದೀಪ ಆರಿಸೋಣ.