ಚಳಿಗಾಲದ ಕುರಿದಡ್ಡಿ

ಯಲಬುರ್ಗಾ, ಕುಷ್ಟಗಿ ಭಾಗದ ಕುರಿಗಾಹಿಗಳಿಗೆ ಚಳಿಗಾಲವೆಂದರೆ ಊರು ಬಿಟ್ಟು ಬಯಲಲ್ಲೇ ರಾತ್ರಿ ಕಳೆಯುವ ಕಾಲ. ಮಳೆ ನಂಬಿದ ಹೊಲಗಳಲ್ಲಿ ಮೇವು ಕಡಿಮೆಯಾದಂತೆ ಮಂದೆಗಳು ನೀರಾವರಿ ಸೀಮೆಯತ್ತ ಹೊರಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಬಯಲಲ್ಲಿ ಭತ್ತ ಕೊಯ್ದ ಮೇಲೆ ಉಳಿಯುವ ಕೂಳೆ ಕುರಿಗೆ ಒಳ್ಳೆಯ ಮೇವು.

ರಾತ್ರಿ ಹೊಲದಲ್ಲಿ ಬಲೆಯ ದಡ್ಡಿ ಕಟ್ಟಿ ಕುರಿ ತರುಬುತ್ತಾರೆ. ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ಅದಕ್ಕಾಗಿ ರೈತರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಚೀಲದ ಗೊಬ್ಬರದ ಈ ಕಾಲದಲ್ಲೂ ಉಳಿದಿರುವ ಈ ಕೊಡುಕೊಳ್ಳುವಿಕೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಮೇಯಿಸುವುದಕ್ಕೂ ಹೊತ್ತುಗೊತ್ತು ಇದೆ. ಇಬ್ಬನಿಯಿಂದ ಒದ್ದೆಯಾದ ಹುಲ್ಲಿನ ಮೇಲಕ್ಕೆ ಜಂತುಹುಳದ ಮರಿಗಳು ಹತ್ತುತ್ತವೆ; ಅದನ್ನು ಮೇಯ್ದ ಕುರಿ ಸೊರಗುತ್ತದೆ. ಬಿಸಿಲೇರಿ ಹುಲ್ಲು ಆರಿದ ಮೇಲೆ ಮಂದೆ ಬಿಡುವುದೇ ಕ್ಷೇಮ.

ಚಳಿಗೆ ಆಸರೆ ಕರಿ ಕಂಬಳಿ. ಡೆಕ್ಕನಿ ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುವುದರಿಂದ ಅದು ಬಿಗಿಯಾಗುತ್ತದೆ, ಇಬ್ಬನಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಹಾಸಲು, ಹೊದೆಯಲು, ಗೊಪ್ಪೆ ಹಾಕಿಕೊಳ್ಳಲು ಒಂದೇ ಕಂಬಳಿ ಸಾಕು. ಗದ್ದೆಗೆ ಮತ್ತೆ ನೀರು ಹರಿಯುವ ಮೊದಲು ದಡ್ಡಿ ಕಿತ್ತು ಮಂದೆ ಮುಂದಿನ ಹೊಲಕ್ಕೆ ಸಾಗುತ್ತದೆ.